ವಟ್ಟದ ಲೆಕ್ಕ: ಗಡಿಸೀಮೆಯಿಂದ ಪರದೇಶದವರೆಗೆ

ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರು ಪರರ ನಾಣ್ಯ ಎಣಿಸಲು ಹಡಗು ಹತ್ತಬೇಕಿರಲಿಲ್ಲ, ಊರ ಗಡಿ ದಾಟಿದರೆ ಸಾಕಿತ್ತು.

ಈ ಸೀಮೆ ವಿಜಯನಗರದ ಆಳ್ವಿಕೆಯಲ್ಲಿದ್ದಾಗ, ಹೆರಾತ್‌ನಿಂದ ರಾಯಭಾರಿಯಾಗಿ ಹೊರಟು 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಇಲ್ಲಿನ ಹಣದ ಕೋಷ್ಟಕವನ್ನೇ ಬರೆದಿಟ್ಟಿದ್ದಾನೆ: ಚಿನ್ನದ ವರಹ, ಅದರರ್ಧ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಪಾಲು ಹಣ, ಹಣದ ಆರರಲ್ಲೊಂದು ಬೆಳ್ಳಿಯ ತಾರ. ಇವುಗಳಲ್ಲಿ ಹೆಚ್ಚು ಬಳಕೆಗೆ ಬರುವುದು ಹಣ ಎಂಬುದನ್ನೂ ಗಮನಿಸಿದ್ದ. ಹೊಸ ದೇಶದಲ್ಲಿ ಯಾವ ನಾಣ್ಯ ಕಿಸೆಯಲ್ಲಿರಬೇಕೆಂದು ಮೊದಲು ತಿಳಿದುಕೊಂಡ ಜಾಣ ಪ್ರವಾಸಿ.

ವಿಜಯನಗರ ಬಿದ್ದ ಮೇಲೆ ಲೆಕ್ಕ ಕಗ್ಗಂಟಾಯಿತು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ, ರಾಯದುರ್ಗ, ಮಡಕಶಿರಾ ಸೇರಿದ್ದ ದತ್ತ ಮಂಡಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮಗ್ಗುಲಿನ ಪಾವಗಡ, ಶಿರಾ ಮೈಸೂರಿನಲ್ಲಿ ಉಳಿದವು. ಕಂಪನಿಯ ಕಡೆ 42 ಫಣಂಗೆ ಒಂದು ಸ್ಟಾರ್ ಪಗೋಡ. ಮೈಸೂರಿನ ಕಡೆ ಕಂಠೀರಾಯಿ ಹಣ: ಬೇಳೆಯಷ್ಟು ಚಿನ್ನ, ಅರ್ಧ ಗ್ರಾಂ ಕೂಡ ತೂಗದು, ಮೇಲೆ ಪುಟ್ಟ ನರಸಿಂಹ. ಬೆರಳ ಸಂದಿಯಿಂದ ಜಾರಿದರೆ ಮಣ್ಣಲ್ಲಿ ಸಿಗುವುದಿಲ್ಲ. ಈ ಕಡೆಯ ನಾಣ್ಯ ಆ ಕಡೆ ನಡೆಯಬೇಕಾದರೆ ನಾಣ್ಯ ಬದಲಿಸುವ ಚಿನಿವಾರನ ಮುಂದೆ ಕೂರಬೇಕು. ಅವನು ಒರೆಗೆ ಹಚ್ಚಿ, ತೂಗಿ, ಸವೆದಿದೆ ಎಂದು ವಟ್ಟ, ಅಂದರೆ ಬದಲಾವಣೆಯ ಕಡಿತ, ಮುರಿದುಕೊಳ್ಳುತ್ತಿದ್ದ. ದರ ಗೊತ್ತಿಲ್ಲದವನು ಕೊಟ್ಟಷ್ಟು ತೆಗೆದುಕೊಂಡು ಏಳಬೇಕು. ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ: ದರ ಹೇಳುವವನು ಯಾರು?

1835ರಲ್ಲಿ ಒಂದೇ ಬಗೆಯ ಕಂಪನಿ ರೂಪಾಯಿ ಬಂತು, 1843ರಲ್ಲಿ ಮೈಸೂರಿನ ಟಂಕಸಾಲೆ ಮುಚ್ಚಿತು. ಗಡಿಯ ವಟ್ಟ ಅಳಿಯಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರಿನೊಂದಿಗೆ ರಾಯದುರ್ಗ ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದಾಗ ರಾಜ್ಯ ಬದಲಾಯಿತು, ಕಿಸೆಯ ರೂಪಾಯಿ ಬದಲಾಗಲಿಲ್ಲ.

ಆ ರೂಪಾಯಿ ಆಗ ಕೊಲ್ಲಿ ದೇಶಗಳಲ್ಲೂ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆ ತಡೆಯಲು ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟು ಹೊರತಂದಿತು. ಹಜ್ ಯಾತ್ರಿಕರಿಗೂ ಪ್ರತ್ಯೇಕ ನೋಟುಗಳಿದ್ದವು. ಕುವೈತ್ 1961ರಲ್ಲಿ ದಿನಾರ್‌ಗೆ ಹೋಯಿತು. 1966ರ ಜೂನ್‌ನಲ್ಲಿ ಡಾಲರ್ 4.76 ರೂಪಾಯಿಯಿಂದ 7.50ಕ್ಕೆ ಏರಿದಾಗ ಉಳಿದ ಹೆಚ್ಚಿನವರೂ ನಮ್ಮ ರೂಪಾಯಿಯನ್ನು ಕೈಬಿಟ್ಟರು. ವಿದೇಶಕ್ಕೆ ಹೊರಟವರ ಕೈಗೆ ಬರೀ 8 ಡಾಲರ್ ಸಿಗುತ್ತಿದ್ದ ಕಾಲವದು. 2000ದ ಜೂನ್‌ನಲ್ಲಿ ವಿದೇಶಿ ವಿನಿಮಯದ ಹಳೆಯ ಕಾಯ್ದೆ ಫೆರಾ ಹೋಗಿ ಫೆಮಾ ಜಾರಿಗೆ ಬಂತು. 2004ರಲ್ಲಿ ವರ್ಷಕ್ಕೆ 25,000 ಡಾಲರ್ ಕಳಿಸಲು ಸಿಕ್ಕ ಅನುಮತಿ ಇಂದು 2,50,000ಕ್ಕೆ ಬೆಳೆದಿದೆ. ಟ್ರಾವೆಲರ್ಸ್ ಚೆಕ್ಕಿನ ಜಾಗಕ್ಕೆ ಫಾರೆಕ್ಸ್ ಕಾರ್ಡ್ ಬಂದಿದೆ.

ಆದರೆ ವಟ್ಟ ಹೋಗಿಲ್ಲ. ದುಬೈನ ಅಂಗಡಿಯೊಂದರಲ್ಲಿ ಕಾರ್ಡ್ ಕೊಟ್ಟೆ. ಯಂತ್ರದ ಪರದೆಯಲ್ಲಿ ಎರಡು ಸಾಲು: ಮೇಲೆ ದಿರ್ಹಮ್, ಕೆಳಗೆ ರೂಪಾಯಿ. ನಮ್ಮ ಹಣವೇ ಅಲ್ಲವೇ ಎಂದು ರೂಪಾಯಿ ಒತ್ತಿದೆ. ಪರಿವರ್ತನೆಯ ದರ ಅಂಗಡಿಯ ಕಡೆಯದು, ದುಬಾರಿ. ಮಡಕಶಿರಾ ಕಡೆಯ ನಮ್ಮ ಸೋದರತ್ತೆಗೆ ರಸೀದಿ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ವಟ್ಟ ಎಷ್ಟು ಹಿಡ್ಕೊಂಡ್ರಪ್ಪಾ?" ಯಂತ್ರ ಕೇಳಿದಾಗ ಆ ದೇಶದ ಹಣವನ್ನೇ ಒತ್ತಿ, ಆಗ ಲೆಕ್ಕ ನಿಮ್ಮ ಕಾರ್ಡಿನವರ ದರದಲ್ಲಿ ನಡೆಯುತ್ತದೆ.

ಯುಪಿಐ 2021ರಲ್ಲಿ ಭೂತಾನ್‌ಗೆ ಕಾಲಿಟ್ಟಿತು. 2024ರಲ್ಲಿ ಶ್ರೀಲಂಕಾ, ಮಾರಿಷಸ್, ಪ್ಯಾರಿಸಿನ ಐಫೆಲ್ ಗೋಪುರದ ಟಿಕೆಟಿಗೂ ಬಂತು. ಆದರೆ ಎಲ್ಲ ಅಂಗಡಿಗಳಲ್ಲೂ ನಡೆಯುವುದಿಲ್ಲ. ಸ್ವಲ್ಪ ನಗದು ಬೇಕೇ ಬೇಕು. ಮರಳಿದ ಮೇಲೆ 2,000 ಡಾಲರ್‌ಗಿಂತ ಹೆಚ್ಚು ನೋಟು ಉಳಿದಿದ್ದರೆ ಹೆಚ್ಚಿನದನ್ನು 180 ದಿನದೊಳಗೆ ಒಪ್ಪಿಸಬೇಕು. ಚಿಲ್ಲರೆ ನಾಣ್ಯಗಳನ್ನು ಇಲ್ಲಿ ಬದಲಾಯಿಸಿಕೊಡುವವರು ಸಿಗುವುದು ಕಷ್ಟ. ಅವನ್ನು ಅಲ್ಲಿಯೇ, ವಿಮಾನ ನಿಲ್ದಾಣದ ಚಹಾಕ್ಕಾದರೂ ಖರ್ಚು ಮಾಡಿ ಬನ್ನಿ.