ಬಿಂಬ–ಧ್ವನಿಗಳ ಜೋಡಣೆ: ಪ್ರೊಜೆಕ್ಟರ್ ಕೋಣೆಯ ಕಸುಬಿನ ಚರಿತ್ರೆ

ಚಲನಚಿತ್ರದ ಚರಿತ್ರೆಯನ್ನು ಬರೆದವರು ನಟರು, ನಿರ್ದೇಶಕರು, ನಿರ್ಮಾಪಕರನ್ನು ಕುರಿತು ವಿಪುಲವಾಗಿ ಬರೆದಿದ್ದಾರೆ. ಆದರೆ ಪ್ರೇಕ್ಷಕರ ಬೆನ್ನ ಹಿಂದಿನ ಕಿರುಕೋಣೆಯಲ್ಲಿ ನಿಂತು ಬಿಂಬಕ್ಕೆ ಧ್ವನಿಯನ್ನು ಕೂಡಿಸುತ್ತಿದ್ದ ಆಪರೇಟರರ ಕಸುಬು ಅಧ್ಯಯನದ ವಸ್ತುವಾದದ್ದು ಕಡಿಮೆ. ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆಗಳಂತೆ ಇದೂ ಕೈಯಿಂದ ಕೈಗೆ ದಾಟಿಬಂದ ಅರಿವು. ಆ ಅರಿವು ಯಂತ್ರದಿಂದ ಯಂತ್ರಕ್ಕೆ ಹೇಗೆ ರೂಪಾಂತರಗೊಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ತೊಗಲುಗೊಂಬೆಯಾಟದಲ್ಲಿ ಈ ಜೋಡಣೆ ಸಮಸ್ಯೆಯೇ ಆಗಿರಲಿಲ್ಲ. ಪರದೆಯ ಹಿಂದೆ ಗೊಂಬೆಯನ್ನು ಆಡಿಸುವವರೇ ಅದರ ಮಾತನ್ನೂ ಆಡುತ್ತಾರೆ. ವಾದ್ಯದವರ ಪೆಟ್ಟು ಆಡಿಸುವ ಕೈಯನ್ನು ಅನುಸರಿಸುತ್ತದೆ. ಬಿಂಬವೂ ಧ್ವನಿಯೂ ಹುಟ್ಟುವುದು ಒಂದೇ ಮೇಳದಲ್ಲಿ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲುಮಿಯೇರ್ ಸೋದರರ ಚಲಿಸುವ ಚಿತ್ರಗಳು ಪ್ರದರ್ಶನಗೊಂಡಾಗ ಬಿಂಬ ಒಂಟಿಯಾಗಿ ಬಂದಿತು. ಮೂಕಿಚಿತ್ರಗಳ ಕಾಲದಲ್ಲಿ ಹಾರ್ಮೋನಿಯಂ, ತಬಲ ನುಡಿಸುವವರೂ ಕಥೆ ಹೇಳುವವರೂ ಪರದೆಯ ಬದಿಯಲ್ಲಿ ಕುಳಿತು ಆ ಕೊರತೆಯನ್ನು ತುಂಬಿದರು.

ಯಂತ್ರದ ಮೂಲಕ ಧ್ವನಿಯನ್ನು ಕೂಡಿಸುವ ಯತ್ನಗಳಲ್ಲಿ ವಾಣಿಜ್ಯದ ಯಶಸ್ಸು ಕಂಡದ್ದು ಅಮೆರಿಕದ ವೈಟಾಫೋನ್. 1926ರ ‘ಡಾನ್ ಹುವಾನ್’, 1927ರ ‘ದ ಜಾಜ್ ಸಿಂಗರ್’ ಈ ಪದ್ಧತಿಯ ಚಿತ್ರಗಳು. 16 ಅಂಗುಲದ ಧ್ವನಿಮುದ್ರಿಕೆಯ ತಟ್ಟೆ ಪ್ರೊಜೆಕ್ಟರನ್ನು ನಡೆಸುವ ಮೋಟಾರಿನಿಂದಲೇ ತಿರುಗುತ್ತಿತ್ತು. ತಟ್ಟೆಯ ಮೇಲಿನ ಬಾಣದ ಗುರುತಿಗೆ ಮುಳ್ಳನ್ನೂ, ಸುರುಳಿಯ ಆರಂಭದ ಚೌಕಟ್ಟನ್ನು ಬೆಳಕಿನ ಕಿಂಡಿಗೂ ಸರಿಯಾಗಿ ಇರಿಸುವುದು ಆಪರೇಟರರ ಹೊಣೆ. ಚಿತ್ರಪಟ್ಟಿ ಹರಿದು ಕೆಲವು ಚೌಕಟ್ಟುಗಳು ನಷ್ಟವಾದರೆ ಅಷ್ಟೇ ಉದ್ದದ ಕಪ್ಪು ಪಟ್ಟಿಯನ್ನು ಅಂಟಿಸಬೇಕಾಗಿತ್ತು. ಇಲ್ಲವಾದರೆ ಒಬ್ಬರ ತುಟಿಗೆ ಇನ್ನೊಬ್ಬರ ಮಾತು ಬರುತ್ತಿತ್ತು.

ಈ ತೊಡಕಿಗೆ ಪರಿಹಾರವಾಗಿ ನೆಲೆನಿಂತದ್ದು ಧ್ವನಿಯನ್ನು ಚಿತ್ರಪಟ್ಟಿಯ ಅಂಚಿನಲ್ಲೇ ಬೆಳಕಿನ ಗೆರೆಯಾಗಿ ಮುದ್ರಿಸುವ ಕ್ರಮ. 1931ರ ‘ಆಲಂ ಆರಾ’, 1934ರ ‘ಸತಿ ಸುಲೋಚನಾ’ಗಳ ಮೂಲಕ ಮಾತು ಭಾರತೀಯ ಹಾಗೂ ಕನ್ನಡ ಚಿತ್ರಗಳಿಗೆ ಬಂದಿತು. ಬಿಂಬ ಕಿಂಡಿಯಲ್ಲಿ ತಡೆತಡೆದು ಸಾಗಬೇಕು. ಧ್ವನಿ ಎಡೆಬಿಡದೆ ಹರಿಯಬೇಕು. ಆದುದರಿಂದ 35 ಮಿ.ಮೀ. ಪಟ್ಟಿಯಲ್ಲಿ ಧ್ವನಿಯನ್ನು ಬಿಂಬಕ್ಕಿಂತ ಸುಮಾರು 20 ಚೌಕಟ್ಟು, 16 ಮಿ.ಮೀ. ಪಟ್ಟಿಯಲ್ಲಿ 26 ಚೌಕಟ್ಟು ಮುಂದಾಗಿ ಮುದ್ರಿಸುತ್ತಿದ್ದರು. ಕಿಂಡಿಗೂ ಧ್ವನಿಶಿರಕ್ಕೂ ನಡುವೆ ಬಿಡುವ ಪಟ್ಟಿಯ ಕುಣಿಕೆ ಹಿಗ್ಗಿದರೂ ಕುಗ್ಗಿದರೂ ಮಾತು ತಪ್ಪುತ್ತಿತ್ತು. ಈ ಕುಣಿಕೆಯ ಅಳತೆಯನ್ನು ಕೈಯೇ ಕಲಿಯಬೇಕಾಗಿತ್ತು. ಚಿತ್ರಮಂದಿರದಲ್ಲಿ ಸಹಾಯಕರಾಗಿ ಸೇರಿದವರು ಹಿರಿಯರ ಕೈಯನ್ನು ನೋಡಿಯೇ ಕಲಿತರು.

ಗಣಕಯಂತ್ರ ಈ ಕೋಣೆಯನ್ನು ಪ್ರವೇಶಿಸಿದ್ದು ಧ್ವನಿಯ ದಾರಿಯಿಂದ ಎಂಬುದು ಗಮನಾರ್ಹ. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರದೊಂದಿಗೆ ಬಂದ ಡಿಟಿಎಸ್ ಪದ್ಧತಿಯಲ್ಲಿ ಧ್ವನಿ ಮರಳಿ ಪಟ್ಟಿಯಿಂದ ಬೇರೆಯಾಗಿ ಸಿಡಿ ತಟ್ಟೆಗೆ ಹೋಯಿತು. ಬಿಂಬಕ್ಕೂ ಬೆಳಕಿನ ಧ್ವನಿಪಥಕ್ಕೂ ನಡುವೆ ಮುದ್ರಿತವಾದ ಕಾಲಸಂಕೇತವನ್ನು ಪ್ರೊಜೆಕ್ಟರಿಗೆ ಜೋಡಿಸಿದ ಓದುಗ ಉಪಕರಣ ಓದುತ್ತಿತ್ತು; ಗಣಕಯಂತ್ರ ಅದಕ್ಕೆ ಹೊಂದುವ ಧ್ವನಿಯನ್ನು ನುಡಿಸುತ್ತಿತ್ತು. ಪಟ್ಟಿ ಹರಿದರೂ ಹೊಸ ಸಂಕೇತವನ್ನು ಹಿಡಿದು ಧ್ವನಿ ಅದೇ ಸ್ಥಾನಕ್ಕೆ ಜಿಗಿಯುತ್ತಿತ್ತು. ವೈಟಾಫೋನಿನ ದೊಡ್ಡ ದೋಷ ಇಲ್ಲಿ ನಿವಾರಣೆಯಾಯಿತು. ಸಂಕೇತ ಸಿಗದಿದ್ದರೆ ಯಂತ್ರ ಹಳೆಯ ಧ್ವನಿಪಥಕ್ಕೆ ಮರಳುತ್ತಿತ್ತು. ಓದುಗ ಉಪಕರಣದಿಂದ ಕಿಂಡಿಯವರೆಗಿನ ಚೌಕಟ್ಟುಗಳನ್ನು ಎಣಿಸಿ ಆ ಅಂತರವನ್ನು ಯಂತ್ರಕ್ಕೆ ತಿಳಿಸಬೇಕಾಗಿತ್ತು. ಕೈಯ ಅಂದಾಜು ಹೀಗೆ ಅಂಕಿಯಾಯಿತು.

2005ರಲ್ಲಿ ಅಮೆರಿಕದ ಪ್ರಮುಖ ಚಿತ್ರಸಂಸ್ಥೆಗಳು ಡಿಜಿಟಲ್ ಪ್ರದರ್ಶನದ ಮಾನದಂಡವನ್ನು ಪ್ರಕಟಿಸಿದವು. ಅದರಂತೆ ಸಿದ್ಧವಾಗುವ ಡಿಸಿಪಿಯಲ್ಲಿ ಬಿಂಬದ ಕಡತ ಬೇರೆ, ಧ್ವನಿಯ ಕಡತ ಬೇರೆ. ಯಾವುದು ಯಾವುದರೊಡನೆ ಸಾಗಬೇಕೆಂಬುದನ್ನು ಪ್ರತ್ಯೇಕ ಪಟ್ಟಿಯೊಂದು ನಿರ್ಧರಿಸುತ್ತದೆ. ಸರ್ವರ್ ಯಂತ್ರ ಅವೆರಡನ್ನೂ ಹೊಂದಿಸಿ, ಬಿಂಬವನ್ನು ಪ್ರೊಜೆಕ್ಟರಿಗೂ ಧ್ವನಿಯನ್ನು ಧ್ವನಿವರ್ಧಕ ವ್ಯವಸ್ಥೆಗೂ ಕಳುಹಿಸುತ್ತದೆ. ಗೂಢಲಿಪಿಯಲ್ಲಿ ಬಂದ ಚಿತ್ರ ನಿಗದಿತ ಅವಧಿಯ ಕೀಲಿಯಿಲ್ಲದೆ ತೆರೆಯುವುದಿಲ್ಲ. ಪ್ರದರ್ಶನದ ಆರಂಭ, ಅಂತ್ಯಗಳು ಕೋಣೆಯ ಹೊರಗೆ ತೀರ್ಮಾನವಾಗುವ ಸ್ಥಿತಿ ಒದಗಿತು.

ಈ ಚರಿತ್ರೆಯನ್ನು ಸರಳ ಪ್ರಗತಿಯ ಕಥೆಯಾಗಿ ಓದಲಾಗದು. ಧ್ವನಿ ಬಿಂಬದಿಂದ ಅಗಲುವುದು, ಮತ್ತೆ ಕೂಡುವುದು ಮರುಕಳಿಸುತ್ತಲೇ ಬಂದಿದೆ. ಅಗಲಿದಾಗಲೆಲ್ಲ ನಷ್ಟದ ಭಯವಿದೆ. ವೈಟಾಫೋನಿನ ಎಷ್ಟೋ ಚಿತ್ರಗಳು ತಟ್ಟೆಯಿಲ್ಲದ ಸುರುಳಿಗಳಾಗಿ ಅಥವಾ ಸುರುಳಿಯಿಲ್ಲದ ತಟ್ಟೆಗಳಾಗಿ ಉಳಿದವು. ಅವುಗಳನ್ನು ಕೂಡಿಸಲೆಂದೇ 1991ರಲ್ಲಿ ಆಸಕ್ತರು ವೈಟಾಫೋನ್ ಪ್ರಾಜೆಕ್ಟ್ ಎಂಬ ಯೋಜನೆಯನ್ನು ಕಟ್ಟಬೇಕಾಯಿತು. ಡಿಟಿಎಸ್ ಕಾಲದ ಕನ್ನಡ ಚಿತ್ರಗಳ ಸುರುಳಿಯನ್ನು ಕಾಪಿಟ್ಟು ಅದರ ತಟ್ಟೆಯನ್ನು ಕಳೆದರೆ ನಮಗೂ ಅದೇ ಗತಿ. ಕನ್ನಡದ ಮೊದಲ ವಾಕ್ಚಿತ್ರದ ಪ್ರತಿಯೇ ಇಂದು ನಮ್ಮ ಪಾಲಿಗಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಸುರುಳಿ, ತಟ್ಟೆಗಳೊಂದಿಗೆ ಅವುಗಳನ್ನು ನಡೆಸಿದವರ ಅರಿವನ್ನೂ ಸಂಗ್ರಹಿಸುವುದು ಜಾನಪದ ಅಧ್ಯಯನದ ಕರ್ತವ್ಯ. ಕುಣಿಕೆಯ ಅಳತೆ ಯಾವ ಕೈಪಿಡಿಯ ಪುಟದಿಂದಲೂ ಪೂರ್ತಿಯಾಗಿ ದೊರೆಯುವುದಿಲ್ಲ. ಅದನ್ನು ಬಲ್ಲ ಹಿರಿಯ ಆಪರೇಟರರು ನಮ್ಮ ಪಟ್ಟಣಗಳಲ್ಲಿ ಇನ್ನೂ ಇದ್ದಾರೆ. ಕ್ಷೇತ್ರಕಾರ್ಯ ಅವರ ಬಳಿಗೆ ತಡಮಾಡದೆ ಹೋಗಬೇಕಾಗಿದೆ.