ಸ್ಕೋರ್ ಪುಸ್ತಕಕ್ಕೆ ಬಂದ ಟೆನಿಸ್ ಚೆಂಡು: ಥಾಣೆಯ 2024ರ ಲೀಗ್ ಮತ್ತು ಅದರ ಹಿನ್ನೆಲೆ

ಥಾಣೆ ಮಹಾನಗರಪಾಲಿಕೆಯ ದಾದೋಜಿ ಕೊಂಡದೇವ್ ಕ್ರೀಡಾಂಗಣದಲ್ಲಿ 2024ರ ಮಾರ್ಚ್ 6ರಿಂದ 15ರವರೆಗೆ ಇಂಡಿಯನ್ ಸ್ಟ್ರೀಟ್ ಪ್ರೀಮಿಯರ್ ಲೀಗ್‌ನ ಮೊದಲ ಆವೃತ್ತಿ ನಡೆಯಿತು. ಆರು ತಂಡಗಳು, ಇನಿಂಗ್ಸಿಗೆ ಹತ್ತು ಓವರ್, ಆಡಿದ್ದು ಟೆನಿಸ್ ಚೆಂಡಿನಲ್ಲಿ. ಆ ದಿನಗಳ ವರದಿಗಳಲ್ಲಿ ಎದ್ದು ಕಂಡವರು ತಂಡಗಳ ಮಾಲೀಕರಾದ ಚಿತ್ರನಟರು: ಮುಂಬಯಿ ತಂಡಕ್ಕೆ ಅಮಿತಾಭ್ ಬಚ್ಚನ್, ಶ್ರೀನಗರಕ್ಕೆ ಅಕ್ಷಯ್ ಕುಮಾರ್, ಚೆನ್ನೈಗೆ ಸೂರ್ಯ, ಹೈದರಾಬಾದಿಗೆ ರಾಮ್ ಚರಣ್, ಕೋಲ್ಕತಾಕ್ಕೆ ಸೈಫ್ ಮತ್ತು ಕರೀನಾ. 'ಬೆಂಗಳೂರು ಸ್ಟ್ರೈಕರ್ಸ್' ಹೃತಿಕ್ ರೋಷನ್ ಅವರದ್ದು. ಉದ್ಘಾಟನೆಯ ಪ್ರದರ್ಶನ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ವಿಕೆಟನ್ನು ಹಾಸ್ಯ ಕಲಾವಿದ ಮುನವ್ವರ್ ಫಾರೂಕಿ ಕಿತ್ತದ್ದು ಎಲ್ಲಕ್ಕಿಂತ ದೊಡ್ಡ ಸುದ್ದಿಯಾಯಿತು.

ಇತಿಹಾಸದ ಕಣ್ಣಿನಿಂದ ನನಗೆ ಮುಖ್ಯವಾಗಿ ಕಾಣುವುದು ಒಂದು ಸಣ್ಣ ಸಂಗತಿ. ಈ ಸೀಮೆಯ ಟೆನಿಸ್ ಬಾಲ್ ಕ್ರಿಕೆಟ್ ಇಲ್ಲಿ ಚೆಂಡು ಚೆಂಡಿನ ಲೆಕ್ಕ ಪಡೆಯಿತು.

ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಟೆನಿಸ್ ಚೆಂಡಿನ ಆಟ ಹೊಸದಲ್ಲ. ಆಗ್ರಿ ಮತ್ತು ಕೋಳಿ ಸಮುದಾಯದ ಊರುಗಳಲ್ಲಿ, ಸೊಸೈಟಿಗಳ ಅಂಗಳದಲ್ಲಿ, ಕರಾವಳಿಯಿಂದ ಬಂದು ನೆಲೆಸಿದ ತುಳು-ಕನ್ನಡಿಗರ ರವಿವಾರದ ಪಂದ್ಯಾಟಗಳಲ್ಲಿ ಅದು ನಡೆಯುತ್ತಲೇ ಬಂದಿದೆ. ಕಾರಣ ಸರಳ. ಲೆದರ್ ಚೆಂಡು 155.9ರಿಂದ 163 ಗ್ರಾಂ ತೂಗುತ್ತದೆ. ಸಾಮಾನ್ಯ ಟೆನಿಸ್ ಚೆಂಡು 60 ಗ್ರಾಂ ಮುಟ್ಟುವುದಿಲ್ಲ. ಪ್ಯಾಡು, ಹೆಲ್ಮೆಟ್ಟು, ಹದಮಾಡಿದ ಪಿಚ್ಚು ಯಾವುದೂ ಬೇಡ. ದುಡಿಮೆಗೆ ಬಂದ ಹುಡುಗನ ಕೈಗೆ ಎಟಕುವ ಕ್ರಿಕೆಟ್ ಇದೊಂದೇ. ಆದರೆ ಸಂಜೆ ಟ್ರೋಫಿ ಹಂಚಿದ ಮೇಲೆ ಸ್ಕೋರು ಬರೆದ ಹಾಳೆ ಎಲ್ಲಿ ಹೋಯಿತೆಂದು ಯಾರೂ ವಿಚಾರಿಸುವುದಿಲ್ಲ. ಎಷ್ಟೋ ಶತಕಗಳು ಕಂಡವರ ನೆನಪಿನೊಂದಿಗೇ ಅಳಿದುಹೋಗಿವೆ.

ದಾಖಲೆಯ ಬೆಲೆ ಎಷ್ಟೆಂಬುದಕ್ಕೆ ಕಲ್ಯಾಣವೇ ಸಾಕ್ಷಿ. 2016ರ ಜನವರಿ 4 ಮತ್ತು 5ರಂದು, ಮುಂಬಯಿ ಕ್ರಿಕೆಟ್ ಸಂಸ್ಥೆಯ ಭಂಡಾರಿ ಕಪ್ ಅಂತರಶಾಲಾ ಪಂದ್ಯದಲ್ಲಿ ಕೆ.ಸಿ. ಗಾಂಧಿ ಶಾಲೆಯ ಹದಿನೈದರ ಪ್ರಣವ್ ಧನಾವಡೆ ಔಟಾಗದೆ 1009 ರನ್ ಮಾಡಿದ. ಆಟೋರಿಕ್ಷಾ ಓಡಿಸುವವರ ಮಗ. ಮೊದಲ ದಿನದ ಕೊನೆಗೆ 652. ಮರುದಿನ ಮುಗಿದಾಗ ಎದುರಿಸಿದ್ದು 327 ಎಸೆತ, 129 ಬೌಂಡರಿ, 59 ಸಿಕ್ಸರ್. ತಂಡ 3 ವಿಕೆಟಿಗೆ 1465ಕ್ಕೆ ಡಿಕ್ಲೇರ್ ಮಾಡಿತು. ಆರ್ಯ ಗುರುಕುಲ ಶಾಲೆ 31 ಮತ್ತು 52ಕ್ಕೆ ಉರುಳಿತು. ಮೈದಾನದ ಒಂದು ಬದಿಯ ಗೆರೆ ಹತ್ತಿರವಿತ್ತು, ಎದುರಾಳಿಗಳು ತೀರ ಎಳೆಯರಿದ್ದರು ಎಂಬ ಆಕ್ಷೇಪ ಆಗಲೇ ಬಂತು. ಅದರಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಆದರೂ ಅಂಗೀಕೃತ ಪಂದ್ಯ, ಕ್ರಮವಾಗಿ ಬರೆದ ಪುಸ್ತಕ ಇದ್ದುದರಿಂದ ಜಗತ್ತು ಆ ಅಂಕಿಯನ್ನು ಒಪ್ಪಿತು. ಅದು ಮುರಿದದ್ದು 1899ರಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನಲ್ಲಿ ಎ.ಇ.ಜೆ. ಕಾಲಿನ್ಸ್ ಎಂಬ ಬಾಲಕ ಮಾಡಿದ 628ನ್ನು. ಆ ಮೊತ್ತದಲ್ಲಿ ಇಪ್ಪತ್ತು ರನ್ ಆಚೀಚೆ ಇರಬಹುದೆಂದು ಸ್ಕೋರು ಬರೆದವರೇ ಒಪ್ಪಿಕೊಂಡಿದ್ದರು. ಅನುಮಾನದ ಬರಹವಾದರೂ 116 ವರ್ಷ ಬಾಳಿತು.

ಅಮೆರಿಕದ ಬೇಸ್‌ಬಾಲಿನಲ್ಲೂ ಹೀಗೆಯೇ. ಅಲ್ಲಿನ ಕೆಳಹಂತದ ಲೀಗುಗಳು 1901ರಲ್ಲಿ ಒಂದು ಒಕ್ಕೂಟದಡಿ ಬಂದವು. ಸಣ್ಣ ಊರುಗಳ ಪತ್ರಿಕೆಗಳು ದಿನದ ಅಂಕಿಪಟ್ಟಿ ಅಚ್ಚು ಹಾಕುತ್ತಿದ್ದುದರಿಂದ, ಮೇಲಿನ ಹಂತಕ್ಕೆ ಏರದ ಆಟಗಾರನ ಹೆಜ್ಜೆಯನ್ನೂ ಇಂದು ಹಿಡಿಯಬಹುದು.

ಥಾಣೆಯ ಲೀಗಿನ ಕೆಲವು ನಿಯಮಗಳು ಲೆಕ್ಕ ಬರೆಯುವವರಿಗೆ ಹೊಸ ತೊಡಕು ತಂದವು. ಬ್ಯಾಟಿಂಗ್ ತಂಡ ಒಂದು ಓವರನ್ನು ಸವಾಲಾಗಿ ಆರಿಸಿಕೊಳ್ಳಬೇಕು. ಗುರಿ ಮುಟ್ಟಿದರೆ ಆ ಓವರಿನ ರನ್ನಿನ ಅರ್ಧದಷ್ಟು ಹೆಚ್ಚುವರಿ, ತಪ್ಪಿದರೆ ಅರ್ಧ ಕಡಿತ. ಹಾಗೆ ಬಂದ ರನ್ ತಂಡದ್ದು, ಯಾವ ಬ್ಯಾಟಿನದ್ದೂ ಅಲ್ಲ. ನನಗೆ ಇದು ಹಿಡಿಸಲಿಲ್ಲ. ಗಲ್ಲಿಯಲ್ಲಿ ಹುಡುಗರು ಇಂಥ ಕಟ್ಟಳೆ ಮಾಡಿಕೊಳ್ಳುವುದು ಜಾಗ ಸಾಲದೆ, ಕಿಟಕಿಯ ಗಾಜಿಗೆ ಹೆದರಿ. ಕ್ರೀಡಾಂಗಣಕ್ಕೆ ಆ ಕಷ್ಟವಿಲ್ಲ.

ಇನ್ನೊಂದು ಮಾತು ಕನ್ನಡಿಗರಿಗೆ ಸಂಬಂಧಿಸಿದ್ದು. ಬೆಂಗಳೂರಿನ ಹೆಸರು ಹೊತ್ತ ತಂಡ ತನ್ನ ಎಲ್ಲ ಪಂದ್ಯಗಳನ್ನೂ ಥಾಣೆಯಲ್ಲೇ ಆಡಿತು. ಶ್ರೀನಗರ, ಚೆನ್ನೈಗಳದ್ದೂ ಅದೇ ಪಾಡು. ಊರಿನ ಹೆಸರು ಒಂದು ಕಡೆ, ಮಣ್ಣು ಇನ್ನೊಂದು ಕಡೆ; ಲೋಕಲ್ ರೈಲಿನಲ್ಲಿ ಬಂದು ಕೂತ ಪ್ರೇಕ್ಷಕನಿಗೆ ತನ್ನದೆನ್ನಲು ನಿಜವಾಗಿ ಇದ್ದದ್ದು ಮುಂಬಯಿ ತಂಡ.

ಆ ತಂಡ ಮಾರ್ಚ್ 15ರ ಫೈನಲ್‌ನಲ್ಲಿ ಕೋಲ್ಕತಾಕ್ಕೆ 10 ವಿಕೆಟ್‌ಗಳಿಂದ ಸೋತಿತು. 2025ರ ಜನವರಿ 26ರಂದು ಲೀಗ್ ಅದೇ ಮೈದಾನಕ್ಕೆ ಮರಳಿತು. ಫೆಬ್ರವರಿ 15ರ ರಾತ್ರಿ ಶ್ರೀನಗರವನ್ನು 3 ವಿಕೆಟ್‌ಗಳಿಂದ ಸೋಲಿಸಿ ಕಪ್ ಎತ್ತಿದ್ದು ಮುಂಬಯಿ.