ಕಾಂಕ್ರೀಟ್ ನೆಲದ ಶುಚಿ ಮತ್ತು ಪರಿಸರ: ಮೊಳಕಾಲ್ಮೂರು–ಚಳ್ಳಕೆರೆ ಸೀಮೆಯ ನೆಲೆಯಲ್ಲಿ ಒಂದು ವಿವೇಚನೆ

ಸಾರಾಂಶ

ಕಾಂಕ್ರೀಟಿನ ಕಲೆ ತೆಗೆಯಲು ಆ್ಯಸಿಡ್ ಸುರಿಯುವುದು ರೂಢಿ. ಅದಕ್ಕೆ ಬದಲು ವಿನೆಗರ್, ನಿಂಬೆ, ಹುಣಸೆಗಳನ್ನು ಪರಿಸರಸ್ನೇಹಿ ಎಂದು ಸೂಚಿಸುವವರೂ ಇದ್ದಾರೆ. ಈ ಎರಡೂ ಬಗೆಯ ಹುಳಿಗಳು ಕಾಂಕ್ರೀಟನ್ನೇ ಕರಗಿಸುತ್ತವೆ ಎಂಬುದನ್ನು ಸರಳ ರಾಸಾಯನಿಕ ಲೆಕ್ಕದಿಂದ ತೋರಿಸಿ, ನೀರಿನ ಕೊರತೆಯಿರುವ ಈ ಸೀಮೆಗೆ ಹೊಂದುವ ಕ್ರಮವೊಂದನ್ನು ಲೇಖನ ಮಂಡಿಸುತ್ತದೆ: ಮೊದಲು ಒಣ ವಿಧಾನ, ಆಮೇಲೆ ಕ್ಷಾರ, ಕೊನೆಗೆ ನೀರು.

ಪೀಠಿಕೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಬಿಸಿಲು–ಮಳೆಗೆ ಮೈಯೊಡ್ಡಿ ಉಳಿದಿವೆ. ಕಾಂಕ್ರೀಟಿಗೆ ಬಂಡೆಯ ಆ ತಾಳಿಕೆ ಇಲ್ಲ. ಅದರೊಳಗಿನ ಜಲ್ಲಿ ಗ್ರಾನೈಟಿನದೇ ಆಗಿದ್ದರೂ ಜಲ್ಲಿಯನ್ನು ಹಿಡಿದಿಟ್ಟ ಸಿಮೆಂಟಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಇರುತ್ತದೆ. ಹೊಸ ಕಾಂಕ್ರೀಟಿನ ಪಿಎಚ್ 12.5ಕ್ಕಿಂತ ಹೆಚ್ಚು. ಇಂಥ ಕ್ಷಾರೀಯ ವಸ್ತುವಿಗೆ ಹುಳಿ ತಾಗಿದರೆ ಕಲೆಯೊಂದಿಗೆ ನೆಲವೂ ಹೋಗುತ್ತದೆ.

ಹುಳಿಯ ಲೆಕ್ಕ

73 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲ 74 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕರಗಿಸಬಲ್ಲದು. ಶೇ 30ರ ಸಾಂದ್ರತೆಯ ಒಂದು ಲೀಟರ್ ಆ್ಯಸಿಡ್ಡಿನಲ್ಲಿ ಸುಮಾರು 345 ಗ್ರಾಂ ಆಮ್ಲವಿರುತ್ತದೆ. ಅದು ಪೂರ್ತಿ ವರ್ತಿಸಿದರೆ ನೆಲದಿಂದ ಸುಮಾರು 350 ಗ್ರಾಂ ಸುಣ್ಣ ಹೋದಂತೆ. ಆ್ಯಸಿಡ್ ಬಿದ್ದೊಡನೆ ನೊರೆ ಉಕ್ಕುವುದನ್ನು ಕೊಳೆ ಬಿಡುತ್ತಿರುವ ಗುರುತೆಂದು ತಿಳಿಯುತ್ತೇವೆ. ಆದರೆ ಅದು ಮೇಲ್ಪದರದ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಹೊರಬೀಳುವ ಇಂಗಾಲದ ಡೈಆಕ್ಸೈಡ್. ಹೀಗೆ ಹಲವು ಸಲ ತೊಳೆದ ಬಚ್ಚಲಿನಲ್ಲಿ ನುಣುಪು ಹೋಗಿ ಮರಳು, ಜಲ್ಲಿ ಎದ್ದು ಕಾಣುತ್ತವೆ. ಆ ತರಿಯಲ್ಲಿ ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ಉಳಿದ ಕ್ಲೋರೈಡ್ ತಾರಸಿಯ ಒಳಗಿಳಿದು ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸುತ್ತದೆ.

ವಿನೆಗರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಶೇ 5ರ ಒಂದು ಲೀಟರ್ ವಿನೆಗರಿನಲ್ಲಿರುವ 50 ಗ್ರಾಂ ಅಸಿಟಿಕ್ ಆಮ್ಲ ಸುಮಾರು 30 ಗ್ರಾಂ ಸುಣ್ಣವನ್ನು ಕರಗಿಸುತ್ತದೆ. ಹಾನಿ ಕಡಿಮೆ, ಆದರೆ ಹಾನಿಯೇ. ಅಡುಗೆಮನೆಯಿಂದ ಬಂದದ್ದೆಲ್ಲ ಕಾಂಕ್ರೀಟಿಗೆ ಹಿತವಲ್ಲ.

ಎಣ್ಣೆಯ ಕಲೆ

ಶೇಂಗಾ ಬೆಳೆ ಮತ್ತು ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಗೆ ಎಣ್ಣೆಯ ಕಲೆಯೇ ಮುಖ್ಯ ಸಮಸ್ಯೆ. ಕಾಂಕ್ರೀಟಿಗೆ ಇಳಿದ ಸಸ್ಯಜನ್ಯ ಎಣ್ಣೆ ಕ್ರಮೇಣ ಕೊಬ್ಬಿನ ಆಮ್ಲಗಳಾಗಿ ಒಡೆದು, ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಸೋಪಾಗುತ್ತದೆ. ಸಿಮೆಂಟಿನ ಹಿಡಿತ ಸಡಿಲಾಗುತ್ತದೆ. ಆದ್ದರಿಂದ ಚೆಲ್ಲಿದ ಕೂಡಲೇ ತೆಗೆಯುವುದೇ ಮೊದಲ ಚಿಕಿತ್ಸೆ. ನೀರು ಹಾಕಿದರೆ ಎಣ್ಣೆ ಹರಡುತ್ತದೆ. ಅದರ ಬದಲು ಜರಡಿ ಹಿಡಿದ ಕಟ್ಟಿಗೆ ಬೂದಿ, ಒಣ ಜೇಡಿಮಣ್ಣು ಇಲ್ಲವೇ ಪುಡಿಮಾಡಿದ ಶೇಂಗಾ ಸಿಪ್ಪೆಯನ್ನು ಹರಡಿ, ಎಣ್ಣೆ ಹೀರಿದ ಮೇಲೆ ಗುಡಿಸಬೇಕು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುವುದರಿಂದ ಅದು ಜಿಡ್ಡನ್ನೂ ಸಡಿಲಿಸುತ್ತದೆ.

ಉಳಿದ ಜಿಡ್ಡಿಗೆ ವಾಷಿಂಗ್ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಕೈಗೆ ಗ್ಲೌಸ್ ಇರಲಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ ಈ ಕ್ಷಾರಕ್ಕೂ ಹಳೆಯ ನಂಟು. ಕಚ್ಚಾ ರೇಷ್ಮೆಯ ತೂಕದ ಶೇ 20ರಿಂದ 30ರಷ್ಟಿರುವ ಸೆರಿಸಿನ್ ಎಂಬ ಅಂಟನ್ನು ಬಿಡಿಸಲು ಸೋಪು, ಸೋಡಾ ಹಾಕಿದ ಬಿಸಿನೀರನ್ನೇ ಬಳಸುತ್ತಾರೆ.

ಗಡಸು ನೀರು, ಬಿಳಿ ಕಲೆ, ಪಾಚಿ

ರಾಜ್ಯದ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ಈ ಎರಡೂ ತಾಲ್ಲೂಕುಗಳು ಬಹುಮಟ್ಟಿಗೆ ಬೋರ್‌ವೆಲ್ ನೀರನ್ನು ನೆಚ್ಚಿವೆ. ಆ ನೀರು ಗಡಸಾಗಿದ್ದರೆ ಮಾಮೂಲಿ ಸೋಪು ನೊರೆ ಬರುವ ಮೊದಲೇ ಗಷ್ಟಾಗಿ ನೆಲಕ್ಕೆ ಅಂಟುತ್ತದೆ. ಅಂಟುವಾಳದ ನೊರೆಯ ಅಂಶವಾದ ಸಪೋನಿನ್ನಿಗೆ ಈ ತೊಡಕು ಕಡಿಮೆ. ಬೀಜ ತೆಗೆದ ಅಂಟುವಾಳವನ್ನು ರಾತ್ರಿ ನೆನೆಹಾಕಿ ಕಿವುಚಿ ಸೋಸಿದ ನೀರು ದಿನನಿತ್ಯದ ಕೊಳೆಗೆ ತಕ್ಕದ್ದು.

ಗೋಡೆಯ ಬುಡದಲ್ಲಿ ಅರಳುವ ಬಿಳಿ ಉಪ್ಪಿಗೆ ನೀರು ಹಾಕುವುದು ತಪ್ಪು. ಕರಗಿದ ಉಪ್ಪು ಮತ್ತೆ ಒಳಗೆ ಸೇರಿ, ತೇವ ಆರಿದೊಡನೆ ಹೊರಬರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಪುಡಿಯನ್ನು ಗುಡಿಸಿ ತೆಗೆದು, ತೇವದ ಮೂಲವನ್ನು ಮುಚ್ಚಬೇಕು. ನೀರಿನ ತೊಟ್ಟಿಯ ಸುತ್ತಲಿನ ಪಾಚಿಗೆ ಇಲ್ಲಿನ ಬಿಸಿಲೇ ಮದ್ದು: ಸೋರಿಕೆ ನಿಲ್ಲಿಸಿ, ಒಣಗಲು ಬಿಟ್ಟು, ಆಮೇಲೆ ಕೆರೆದರೆ ಹೊಪ್ಪಳೆಯಾಗಿ ಏಳುತ್ತದೆ. ಪಾಚಿಗೆಂದು ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆ್ಯಸಿಡ್ ಸುರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಾಪಾಯ.

ಸಮಾರೋಪ

ಪರಿಸರಸ್ನೇಹಿ ಎಂಬ ಮಾತನ್ನು ವಸ್ತುವಿನ ಮೂಲದಿಂದ ಅಳೆಯದೆ ಮೂರು ಪ್ರಶ್ನೆಗಳಿಂದ ಅಳೆಯಬೇಕು: ನೆಲ ಎಷ್ಟು ಸವೆಯಿತು, ನೀರು ಎಷ್ಟು ಖರ್ಚಾಯಿತು, ಚರಂಡಿಗೆ ಏನು ಸೇರಿತು? ಸಿಮೆಂಟಿನ ತಯಾರಿಕೆಯೇ ಅಪಾರ ಇಂಗಾಲವನ್ನು ಹೊರಸೂಸುವುದರಿಂದ, ಇರುವ ನೆಲವನ್ನು ಬಾಳಿಸುವುದೂ ಪರಿಸರ ರಕ್ಷಣೆಯೇ. ಗ್ರಾಮ ಪಂಚಾಯಿತಿ, ಶಾಲೆ, ಹಾಸ್ಟೆಲುಗಳ ಸ್ವಚ್ಛತಾ ಸಾಮಗ್ರಿಯ ಪಟ್ಟಿಯಿಂದ ಆ್ಯಸಿಡನ್ನು ಕೈಬಿಟ್ಟು, ಆ ಜಾಗದಲ್ಲಿ ವಾಷಿಂಗ್ ಸೋಡಾ, ಅಂಟುವಾಳ ಮತ್ತು ಗಟ್ಟಿ ಬ್ರಷ್ಷುಗಳನ್ನು ಸೇರಿಸುವುದು ಈ ದಿಕ್ಕಿನಲ್ಲಿ ಮೊದಲ ಕೆಲಸವಾಗಬೇಕು.